ಮೂರನೆಯ ಗೆರೆ

ಕೊಪ್ಪಳ ಮತ್ತು ಗಿಣಿಗೇರಾ ನಡುವಿನ ತೋಟವೊಂದರಲ್ಲಿ, ಬೇವಿನ ಮರದ ಕೆಳಗೆ, ತುಂಡು ಹಳಿಯ ಮೇಲೆ ಒಂದು ಮೀಟರ್‌ಗೇಜ್ ಬೋಗಿ ನಿಂತಿದೆ. ನಾನು ಅದನ್ನು ಮೊದಲ ಸಲ ನೋಡಲು ಹೋದಾಗ ಕೈಯಲ್ಲಿ ಇದ್ದದ್ದು ಒಂದು ದಬ್ಬಣ ಮಾತ್ರ. ಮರದ ಆರೋಗ್ಯ ಬಣ್ಣ ನೋಡಿದರೆ ತಿಳಿಯುವುದಿಲ್ಲ, ಚುಚ್ಚಿ ನೋಡಬೇಕು. ಗೋಡೆಯ ಸಾಗವಾನಿ ಹಲಗೆಗಳಿಗೆ ದಬ್ಬಣ ಕೂದಲೆಳೆಯಷ್ಟೂ ಇಳಿಯಲಿಲ್ಲ. ಕೆಳಗಿನ ಉದ್ದ ತೊಲೆಗೆ, ಅಂದರೆ ಕಬ್ಬಿಣದ ಚೌಕಟ್ಟಿನ ಮೇಲೆ ಮರ ಕೂರುವ ಜಾಗದಲ್ಲಿ, ಹಿಡಿಯವರೆಗೂ ಇಳಿಯಿತು. ಹೊರಗೆ ಗಟ್ಟಿಯಾಗಿ ಕಾಣುತ್ತಿದ್ದ ತೊಲೆ ಒಳಗೆ ನಶ್ಯದ ಪುಡಿಯಾಗಿತ್ತು.

ನಾನು ಬಡಗಿ. ಬಾಗಿಲು, ತೊಟ್ಟಿಲು, ದೇವರ ಮಂಟಪ ಮಾಡಿಕೊಂಡು ಬಂದವನು. ಆದರೆ ಈ ಗಾಡಿಯ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು. ಹುಬ್ಬಳ್ಳಿ–ಗುಂತಕಲ್ ಮಾರ್ಗ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವವರೆಗೆ ನಾವು ಗದಗಕ್ಕೆ ಹೋಗುತ್ತಿದ್ದದ್ದು ಮೀಟರ್‌ಗೇಜ್ ಗಾಡಿಯಲ್ಲಿಯೇ. ಹಳಿಗಳ ನಡುವಿನ ಅಂತರ 1,000 ಮಿಲಿಮೀಟರಿನಿಂದ 1,676ಕ್ಕೆ ಅಗಲವಾದ ಮೇಲೆ ಆ ಬೋಗಿಗಳಿಗೆ ಓಡಲು ದಾರಿಯೇ ಉಳಿಯಲಿಲ್ಲ. ತೋಟದ ಮಾಲೀಕರ ತಂದೆ ಈ ಒಂದನ್ನು ಗುಜರಿಯವರಿಂದ ಕೊಂಡು ತಂದಿದ್ದರು. ಮಗನಿಗೆ ಅದನ್ನು ಉಳಿಸಬೇಕೆನಿಸಿತು, ನನ್ನನ್ನು ಕರೆದರು.

ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಸಂಗತಿ ಅರ್ಥವಾಗಬೇಕಿತ್ತು. 1955ರಲ್ಲಿ ಚೆನ್ನೈನ ಪೆರಂಬೂರಿನ ರೈಲು ಬೋಗಿ ಕಾರ್ಖಾನೆ ತಯಾರಿಸಲು ಆರಂಭಿಸಿದ ಉಕ್ಕಿನ ಬೋಗಿಗಳಲ್ಲಿ ಗೋಡೆ, ಚಾವಣಿ, ನೆಲ ಎಲ್ಲವೂ ಸೇರಿ ಭಾರ ಹೊರುತ್ತವೆ. ಮರದ ಬೋಗಿ ಹಾಗಲ್ಲ. ಭಾರವೆಲ್ಲ ಕೆಳಗಿನ ಕಬ್ಬಿಣದ ಚೌಕಟ್ಟಿನದು; ಮರದ ಮನೆ ಅದರ ಮೇಲೆ ತನ್ನ ಪಾಡಿಗೆ ತಾನು ಕೂತಿರುತ್ತದೆ. ಹೀಗಾಗಿ ಆ ಉದ್ದ ತೊಲೆಯೇ ಇಡೀ ಮನೆಯ ಅಡಿಪಾಯ. ಅದು ಸತ್ತರೆ ಕಂಬಗಳು ಒಂದೊಂದಾಗಿ ಕುಸಿಯುತ್ತವೆ, ಬಾಗಿಲು ಹಾಕಲು ಬರುವುದಿಲ್ಲ, ಚಾವಣಿ ಬಿರಿಯುತ್ತದೆ.

ತೊಲೆ ಕೊಳೆತದ್ದು ಏಕೆಂದು ಹುಡುಕಲು ಒಂದು ವಾರ ಹಿಡಿಯಿತು. ಈ ಬೋಗಿಯ ಕಿಟಕಿಯ ಗಾಜು ಮತ್ತು ಪಟ್ಟಿ ಬಾಗಿಲು ಎರಡೂ ಗೋಡೆಯ ಒಳಗೇ ಕೆಳಕ್ಕೆ ಇಳಿಯುತ್ತವೆ. ಒಳ ಹಲಗೆಗೂ ಹೊರ ಹಲಗೆಗೂ ನಡುವೆ ಅವಕ್ಕಾಗಿ ಒಂದು ಜೇಬು ಇದೆ. ಮಳೆ ಬಂದರೆ ನೀರು ಜೇಬಿಗೆ ಇಳಿಯುವುದು ಸಹಜ. ಕಟ್ಟಿದವರಿಗೆ ಅದು ತಿಳಿದಿತ್ತು, ತಳದಲ್ಲಿ ನೀರು ಹೋಗಲು ತೂತು ಬಿಟ್ಟಿದ್ದರು. ಆ ತೂತುಗಳಲ್ಲಿ ಬೇವಿನ ಎಲೆ, ಕಣಜದ ಗೂಡಿನ ಮಣ್ಣು, ಗಿಣಿಗೇರಾ ಕಡೆಯ ಕಾರ್ಖಾನೆಗಳ ಕಪ್ಪು ಧೂಳು ತುಂಬಿ ಕಲ್ಲಾಗಿತ್ತು. ಅಷ್ಟು ಸಾಲದೆಂಬಂತೆ, ಹಿಂದೆ ಯಾರೋ ರಿಪೇರಿ ಮಾಡಿದವರು ಕೊಳೆತ ಕಡೆಗೆಲ್ಲ ಸಿಮೆಂಟ್ ತುಂಬಿಬಿಟ್ಟಿದ್ದರು. ಮರಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಮರ ಹಿಗ್ಗುತ್ತದೆ, ಕುಗ್ಗುತ್ತದೆ, ಸಿಮೆಂಟ್ ಕದಲುವುದಿಲ್ಲ. ಎರಡರ ನಡುವೆ ಬಿಡುವ ಸಂದಿಯಲ್ಲಿ ನೀರು ನಿಂತು ಪಕ್ಕದ ಒಳ್ಳೆಯ ಮರವನ್ನೂ ತಿನ್ನುತ್ತದೆ. ಅದನ್ನು ಸಣ್ಣ ಉಳಿಯಿಂದ ಕೆತ್ತಿ ತೆಗೆಯುವಾಗ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ.

ಇಡೀ ತೊಲೆ ತೆಗೆದು ಹೊಸದು ಹಾಕುವುದು ಸುಲಭವಾಗಿತ್ತು. ನಾನು ಒಪ್ಪಲಿಲ್ಲ. ಅರ್ಧಕ್ಕಿಂತ ಹೆಚ್ಚು ಭಾಗ ಇನ್ನೂ ಗಟ್ಟಿಯಾಗಿತ್ತು. ಎರಡು ಕಂಬಗಳ ನಡುವಿನಷ್ಟನ್ನೇ ಒಂದು ಸಲಕ್ಕೆ ತೆಗೆದುಕೊಂಡೆ. ಕಂಬಗಳಿಗೆ ಜಾಕ್ ಕೊಟ್ಟು, ನೀರು ತುಂಬಿದ ಉದ್ದನೆಯ ಪಾರದರ್ಶಕ ಕೊಳವೆಯಿಂದ ಎರಡೂ ತುದಿಯ ಮಟ್ಟ ನೋಡಿ, ಕೊಳೆತದ್ದನ್ನು ಕೊಯ್ದು, ಹೊಸ ತುಂಡನ್ನು ಓರೆ ಜೋಡಣೆಯಲ್ಲಿ ಕೂರಿಸಿದೆ. ಒಂದು ಅಂಗುಲ ದಪ್ಪಕ್ಕೆ ಎಂಟು ಅಂಗುಲ ಓರೆ. ಇದಕ್ಕಿಂತ ಗಿಡ್ಡ ಮಾಡಿದರೆ ಅಂಟು ಹಿಡಿಯಲು ಜಾಗ ಸಾಲದು. ಸಾಗವಾನಿಯಲ್ಲಿ ಎಣ್ಣೆಯ ಅಂಶವಿದೆ, ಅಂಟು ಜಾರುತ್ತದೆ. ಆದ್ದರಿಂದ ಕೀಸಿದ ದಿನವೇ ಅಸಿಟೋನ್‌ನಿಂದ ಒರೆಸಿ ಎಪಾಕ್ಸಿ ಹಚ್ಚಬೇಕು, ನಾಳೆಗೆ ಬಿಡಬಾರದು. ಮರವನ್ನು ತಂದದ್ದು ಬಳ್ಳಾರಿಯಲ್ಲಿ ಕೆಡವಿದ ಹಳೆಯ ಮನೆಯ ಚೌಕಟ್ಟುಗಳಿಂದ. ದಶಕಗಟ್ಟಲೆ ನಮ್ಮ ಬಿಸಿಲು ಕುಡಿದು ಒಣಗಿದ ಮರ ಅದು. ಹೊಸ ಹಲಗೆಗೆ ಆ ಸ್ಥಿರತೆ ಎಲ್ಲಿಂದ ಬರಬೇಕು?

ಒಳಗಿನ ಹಲಗೆಗಳ ಸಣ್ಣ ತೂತುಗಳಿಗೆ ಕಿನ್ನಾಳದ ಚಿತ್ರಗಾರರೊಬ್ಬರು ದಾರಿ ತೋರಿಸಿದರು. ಬೊಂಬೆ ಮಾಡುವಾಗ ಅವರು ಬಳಸುವ ಕಿಟ್ಟ, ಅಂದರೆ ಸೆಣಬಿನ ನಾರಿನ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿದ್ದು, ಮರದ ಜೊತೆಗೇ ಮರದಂತೆ ಕೂತುಬಿಡುತ್ತದೆ. ಮಳೆ ತಾಗುವ ಹೊರಗೋಡೆಗೆ ಅದು ಆಗದು. ಒಳಗೆ ಮಾತ್ರ ಬಳಸಿದೆ, ನೆಮ್ಮದಿಯಾಯಿತು.

ಈಗ ನನ್ನ ತಪ್ಪಿನ ವಿಷಯ. ಬಣ್ಣ ಬೇಗ ಬಿಡಿಸಲೆಂದು ಪಶ್ಚಿಮದ ತುದಿಗೆ ಬಿಸಿಗಾಳಿಯ ಯಂತ್ರ ಹಿಡಿದೆ. ಒಂದು ಮಧ್ಯಾಹ್ನದಲ್ಲಿ ಇಡೀ ತುದಿ ಬೆತ್ತಲಾಯಿತು. ಕೊನೆಯಲ್ಲಿ ಉದುರಿದ ಸಿಪ್ಪೆಯ ಒಳಮೈಯಲ್ಲಿ ಹಳದಿ ಅಕ್ಷರದ ಚೂರುಗಳು ಕಂಡವು. ಅದೇನು ಬರಹ ಎಂದು ಇನ್ನು ಯಾರೂ ಓದಲಾರರು. ಅಂದಿನಿಂದ ಯಂತ್ರ ಮುಟ್ಟಲಿಲ್ಲ. ಮೇಲಾಗಿ ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ. ಸುಟ್ಟರೆ ಹೊಗೆಯಾಗಿ, ಒಣದಾಗಿ ಉಜ್ಜಿದರೆ ಧೂಳಾಗಿ ಮೈ ಸೇರುತ್ತದೆ, ಮಕ್ಕಳಿಗಂತೂ ವಿಷ. ಆಮೇಲಿನ ಕೆಲಸವೆಲ್ಲ ನೀರು ಹಚ್ಚಿಯೇ. ಸಣ್ಣ ಕಣಗಳನ್ನು ತಡೆಯುವ ಒಳ್ಳೆಯ ಮಾಸ್ಕ್ ಧರಿಸಿ, ಉದುರಿದ್ದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಿಡಿದು ಕಟ್ಟಿಟ್ಟು, ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯದೆ ಅಲ್ಲೇ ತೊಳೆದೆ.

ಬಾಗಿಲ ಪಕ್ಕ ನಾಣ್ಯದಗಲದ ಜಾಗ ಆರಿಸಿಕೊಂಡು, ನುಣುಪು ಉಜ್ಜುಕಾಗದವನ್ನು ನೀರಿನಲ್ಲಿ ಅದ್ದಿ ಸುತ್ತುಸುತ್ತಾಗಿ ತಿಕ್ಕಿದೆ. ಮರದ ಕಾಂಡದ ಬಳೆಗಳಂತೆ ಒಂದೊಂದೇ ಪದರ ತೆರೆದುಕೊಂಡಿತು: ಮೇಲೆ ಇಟ್ಟಿಗೆಗೆಂಪು, ಅದರಡಿ ಗಾಢ ಕಂದು, ಅದರಡಿ ಬೂದು. ಬಳೆಗಳನ್ನು ಹಿಂಬಾಲಿಸಿ ಜಾಗ ದೊಡ್ಡದು ಮಾಡುತ್ತ ಹೋದಾಗ ದರ್ಜೆಯ ಗುರುತಿನ ಎರಡು ಹಳದಿ ಗೆರೆಗಳ ಪಕ್ಕ, ಕೆಂಪು ಬಣ್ಣದ ಕೆಳಗೆ, ಮೂರನೆಯ ಗೆರೆ ಎದ್ದು ಬಂತು. 1974ರಲ್ಲಿ ರೈಲ್ವೆ ಮೂರನೆಯ ದರ್ಜೆಯನ್ನು ತೆಗೆದುಹಾಕಿತು. ಇದ್ದ ಬೋಗಿಗಳೇ ಎರಡನೆಯ ದರ್ಜೆಯಾದವು. ಇಲ್ಲಿ ಯಾವನೋ ಪೇಂಟರ್ ಒಂದೇ ಗೆರೆಯನ್ನು ಮುಚ್ಚಿ ಆ ಆದೇಶ ಪಾಲಿಸಿದ್ದ. ನಾನು ಕೆಲಸ ಬಿಟ್ಟು ಬಹಳ ಹೊತ್ತು ಅಲ್ಲೇ ಕೂತೆ.

ಚಾವಣಿ ಬಿಸಿಲಿನ ಕೆಲಸ. ಹಲಗೆಗಳ ಮೇಲೆ ಕ್ಯಾನ್ವಾಸ್ ಎಳೆದು ಬಣ್ಣದಲ್ಲಿ ಕೂರಿಸುವುದು ಹಳೆಯ ಕ್ರಮ. ಹಿಂದೆ ಸೀಸದ ಸಫೇದ ಬಳಸುತ್ತಿದ್ದರು, ನಾನು ಸೀಸವಿಲ್ಲದ ಅಗಸೆ ಎಣ್ಣೆಯ ಬಣ್ಣ ಬಳಸಿದೆ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಬೆಂಕಿಯೇ ಬೇಡ, ತಾನಾಗಿ ಹೊತ್ತಿಕೊಳ್ಳುತ್ತದೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಕೇಳುವುದೇ ಬೇಡ. ಮರದ ಬೋಗಿಯ ಪಕ್ಕ ಅಂಥ ಬಟ್ಟೆ ಬಿಡುವುದು ಉಂಟೇ? ಪ್ರತಿ ಸಂಜೆ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿ ಮುಚ್ಚಿಟ್ಟೆ.

ಗಾಲಿ, ಬ್ರೇಕು, ಅಚ್ಚಿನ ಪೆಟ್ಟಿಗೆಗಳನ್ನು ತೊಳೆದು ಗ್ರೀಸ್ ಹಚ್ಚಿದ್ದಷ್ಟೇ. ಓಡದ ಗಾಡಿಗೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ.

ಮಾಲೀಕರಿಗೆ ಹೊಳೆಯುವ ಹೊಸ ಬಣ್ಣ ಬೇಕಿತ್ತು. ವಾದ ನಡೆಯಿತು. ಕೊನೆಗೆ ರಸ್ತೆಯ ಕಡೆಯ ಗೋಡೆಗೆ ಇಟ್ಟಿಗೆಗೆಂಪು ಬಳಿದೆವು, ತೋಟದ ಕಡೆಯದನ್ನು ತೊಳೆದು ಇದ್ದಂತೆಯೇ ಬಿಟ್ಟೆವು. ಬಾಗಿಲ ಪಕ್ಕ ಹೊಸ ಗೆರೆ ಬರೆಯಲು ಕಿನ್ನಾಳದವರೇ ಬಂದರು. ಎರಡೋ ಮೂರೋ ಎಂದು ಕೇಳಿದರು. ಎರಡು ಎಂದೆ. ಮೂರನೆಯದರ ಸುತ್ತ ಅಂಗೈಯಗಲ ಹಳೆಯ ಬಣ್ಣವನ್ನು ಹಾಗೆಯೇ ಬಿಟ್ಟು ಅವರು ಕುಂಚ ಎಳೆದರು.

ಪೂರ್ವದ ಆರು ಕಿಟಕಿಗಳ ಜೇಬು ಇನ್ನೂ ಬಿಚ್ಚಿಲ್ಲ. ಬರುವ ಮೃಗಶಿರಾ ಮಳೆಗೆ ಮೊದಲು ಮುಗಿಯಬೇಕು. ಬಿಚ್ಚಿ ಕೂರಿಸಿದ ಪ್ರತಿ ಜೇಬಿಗೂ ಒಂದು ತಂಬಿಗೆ ನೀರು ಸುರಿದು, ಕೆಳಗೆ ಬಗ್ಗಿ, ಅದು ಅಷ್ಟೂ ಹೊರಗೆ ಬರುವವರೆಗೆ ಕಾದು ನೋಡುತ್ತೇನೆ.