ದೆಚಿನ್ ಕಣಿವೆಯ ದ್ರಾಕ್ಷಿ ರೈತರ ನಡುವೆ: ನನ್ನ ಅನುಭವ

ಚೀನಾದ ಯುನ್ನಾನ್ ಪ್ರಾಂತ್ಯದ ದೆಚಿನ್‌ನಲ್ಲಿ, ಮೆಕಾಂಗ್ ನದಿ ಕೊರೆದ ಕಣಿವೆಯ ಇಳಿಜಾರುಗಳ ಮೇಲೆ, ಸುಮಾರು 2,200ರಿಂದ 2,600 ಮೀಟರ್ ಎತ್ತರದಲ್ಲಿ ಟಿಬೆಟನ್ ಕುಟುಂಬಗಳು ವೈನ್ ದ್ರಾಕ್ಷಿ ಬೆಳೆಯುತ್ತವೆ. ಹೊಸ ಬೇಸಾಯ ಕ್ರಮವನ್ನು ಅವರು ಒಪ್ಪುವುದು ಏಕೆ, ಬಿಡುವುದು ಏಕೆ ಎಂದು ಅರಿಯಲು ಹೋದಾಗ ನಾನು ‘ಹೊಸ ತಂತ್ರಜ್ಞಾನ’ದ ಬಗ್ಗೆ ಒಟ್ಟಾಗಿ ಕೇಳಲಿಲ್ಲ, ಚಾಟ್ನಿ (ಬಳ್ಳಿಯ ಕಡ್ಡಿಗಳನ್ನು ಸವರುವುದು), ಚಿಗುರು ಚಿವುಟುವುದು, ಗೊನೆ ಇಳಿಸುವುದು (ಉಳಿದವು ಚೆನ್ನಾಗಿ ಮಾಗಲೆಂದು ಕೆಲವು ಗೊನೆಗಳನ್ನು ಕತ್ತರಿಸಿ ಹಾಕುವುದು), ಔಷಧಿ ಸಿಂಪಡಣೆ ಎಂದು ಒಂದೊಂದನ್ನೂ ಬೇರೆಯಾಗಿ, ತೋಟದ ಸಾಲಿನಲ್ಲಿ ನಿಂತೇ ಕೇಳಿದೆ. ಏಪ್ರಿಲ್ ಮತ್ತು ಅಕ್ಟೋಬರ್‌ನ ಎರಡು ಚಾಟ್ನಿಗಳನ್ನು ಕಂಡು ಬೆಳೆದ ವಿಜಯಪುರದವನಾದ ನಾನು, ಬಳ್ಳಿ ಚಳಿಗಾಲವಿಡೀ ಸುಪ್ತವಾಗಿದ್ದು ವರ್ಷಕ್ಕೊಂದೇ ಚಾಟ್ನಿ ಬೇಡುವ ಆ ನೆಲದ ಕ್ರಮವನ್ನು ಮೊದಲಿನಿಂದ ಕಲಿಯಬೇಕಾಯಿತು.

ಚಾಟ್ನಿಯನ್ನು ಬಹುತೇಕರು ಸುಲಭವಾಗಿ ಒಪ್ಪಿದ್ದರು, ಏಕೆಂದರೆ ಆಗ ಹೊಲದಲ್ಲಿ ಬೇರೆ ಕೆಲಸ ಕಡಿಮೆ. ಚಿಗುರು ಚಿವುಟುವ ಹೊತ್ತಿಗೆ ಮಾತ್ರ, ಅಂದರೆ ಮೇ-ಜೂನ್‌ನಲ್ಲಿ, ಮನೆಯ ಗಟ್ಟಿಮುಟ್ಟಾದವರೆಲ್ಲ ಯಾರ್ಸಾ ಗುಂಬು ಎಂಬ, ಹುಳುವಿನ ಮೇಲೆ ಬೆಳೆಯುವ ದುಬಾರಿ ಔಷಧೀಯ ಶಿಲೀಂಧ್ರ ಹುಡುಕುತ್ತ ಎತ್ತರದ ಹುಲ್ಲುಗಾವಲುಗಳಲ್ಲಿರುತ್ತಾರೆ. ಮಳೆಗಾಲದಲ್ಲಿ ಬೂಜು ರೋಗ ಎದ್ದಾಗ ಅವರು ಮತ್ಸುತಾಕೆ ಅಣಬೆಗಾಗಿ ಕಾಡಿನಲ್ಲಿರುತ್ತಾರೆ. ಒಂದು ದಿನದ ಅಣಬೆ ತರುವ ನಗದನ್ನು ಬಿಟ್ಟು ಬಳ್ಳಿಯ ಮುಂದೆ ನಿಲ್ಲಿ ಎನ್ನುವ ತರಬೇತಿ ಎಷ್ಟೇ ಶಾಸ್ತ್ರೀಯವಾಗಿದ್ದರೂ ಫಲಿಸದು. ಇದನ್ನು ಅಜ್ಞಾನವೆಂದು ವರದಿಗಳಲ್ಲಿ ಬರೆಯುವುದು ಅನ್ಯಾಯವೆಂದೇ ನನ್ನ ದೃಢ ಅಭಿಪ್ರಾಯ.

ಗೊನೆ ಇಳಿಸುವ ವಿಷಯದಲ್ಲಿ ನಿರ್ಣಾಯಕವಾದದ್ದು ಖರೀದಿಯ ರೀತಿ. ಹಣ್ಣನ್ನು ಕಿಲೋ ಲೆಕ್ಕದಲ್ಲಿ ಮಾರುವವನಿಗೆ ಕತ್ತರಿಸಿ ನೆಲಕ್ಕೆ ಹಾಕಿದ ಪ್ರತಿ ಗೊನೆಯೂ ನಷ್ಟವೇ. 2013ರ ಫಸಲಿನಿಂದ ಮೊದಲ ವೈನ್ ತಯಾರಿಸಿದ ಅಓ ಯುನ್‌ನಂತಹ ಉದ್ಯಮಗಳು ತೂಕಕ್ಕಿಂತ ಗುಣಮಟ್ಟಕ್ಕೆ ಒತ್ತು ಕೊಡುವ ಬೇಸಾಯವನ್ನು ಈ ಕಣಿವೆಯಲ್ಲಿ ನಡೆಸಿದವು. ಅಂಥ ಕೆಲಸ ನಡೆಯುವ ತೋಟದ ಪಕ್ಕದವರು ಬೇಲಿಯಾಚೆಯಿಂದ ನೋಡಿ ಕಲಿತದ್ದು ಸಭೆಗಳಲ್ಲಿ ಕೇಳಿದ್ದಕ್ಕಿಂತ ಹೆಚ್ಚು.

ಫ್ರೆಂಚ್ ಮಿಷನರಿಗಳ ಕಾಲದಿಂದ ದ್ರಾಕ್ಷಿ ಬಲ್ಲ ತ್ಸಿಝೋಂಗ್ ಹಳ್ಳಿಯಲ್ಲಿ ಮನೆಯಲ್ಲೇ ವೈನ್ ಮಾಡಿ ಪ್ರವಾಸಿಗರಿಗೆ ಮಾರುವವರಿದ್ದಾರೆ. ತಮ್ಮ ಹಣ್ಣಿನ ರುಚಿಯನ್ನು ತಾವೇ ಸವಿಯುವ ಅವರೊಡನೆ ಮಾಗುವಿಕೆಯ ಬಗ್ಗೆ ಮಾತನಾಡುವುದು ಸುಲಭವಾಗಿತ್ತು.

ಸಿಂಪಡಣೆಯ ಪ್ರಶ್ನೆ ಇನ್ನೂ ಆಳದ್ದು. ಕಾವಾಗರ್ಬೋ ಶಿಖರವನ್ನು ದೈವವೆಂದು ಪೂಜಿಸುವ ಬೌದ್ಧ ಕುಟುಂಬಗಳಲ್ಲಿ ಕೀಟಗಳನ್ನು ಕೊಲ್ಲುವ ಬಗ್ಗೆ ನಿಜವಾದ ಅಳುಕಿದೆ. ಅವರೊಡನೆ ಕೀಟನಾಶಕದ ಬದಲು ಎಲೆ ತೆಳುಗೊಳಿಸಿ ಗಾಳಿಯಾಡಿಸುವುದರಿಂದ, ಬೂಜಿಗೆ ಬೋರ್ಡೋ ದ್ರಾವಣದಿಂದ (ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ) ಮಾತು ಆರಂಭಿಸಿದಾಗ ಅವರೇ ಮುಂದಿನ ಪ್ರಶ್ನೆಗಳನ್ನು ಕೇಳತೊಡಗಿದರು.