ಕಲ್ನಾರಿನ ದೂಳು ಎದೆಗಿಳಿದಿದ್ದರೆ ಪರಿಹಾರ ಕೇಳುವುದು ಹೇಗೆ?

ಮಳೆಗಾಲಕ್ಕೆ ಮುಂಚೆ ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಕಾರ್ಮಿಕರ ಲೈನ್ ಮನೆಗಳ ಹಳೇ ಸಿಮೆಂಟ್ ಶೀಟು ಇಳಿಸುವುದು, ಕೊಯ್ದು ಹೊಸದು ಕೂರಿಸುವುದು ವರ್ಷವೂ ನಡೆಯುವ ಕೆಲಸ. ಆ ಶೀಟಿನಲ್ಲಿ ಸಿಮೆಂಟಿನ ಜೊತೆ ಸೇರಿರುವ ನಾರೇ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಹೊಳೆನರಸೀಪುರದ ಸುತ್ತಲಿನ ಶಿಲಾ ಪಟ್ಟಿಯಲ್ಲೂ ಈ ಖನಿಜವಿದೆ. ಶೀಟು ಕಾರ್ಖಾನೆ, ಬಾಯ್ಲರಿನ ಶಾಖ ತಡೆಯುವ ಹೊದಿಕೆ, ಗ್ಯಾಸ್ಕೆಟ್, ಹಳೇ ಕಾಲದ ಬ್ರೇಕ್ ಲೈನರ್ ಮತ್ತು ಕ್ಲಚ್ ಪ್ಲೇಟ್, ಕಟ್ಟಡ ಒಡೆಯುವ ಕೆಲಸ, ಇವುಗಳಲ್ಲೆಲ್ಲ ಈ ದೂಳು ಉಸಿರಿನೊಂದಿಗೆ ಒಳಗೆ ಹೋಗುತ್ತದೆ. ಅರಸೀಕೆರೆ, ಬೀರೂರಿನಲ್ಲಿ ಉಗಿಬಂಡಿಯ ಕಾಲದಲ್ಲಿ ಬಾಯ್ಲರ್ ಕೆಲಸ ಮಾಡಿದವರೂ ತಮ್ಮ ಎದೆಯನ್ನು ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಈ ದೂಳಿನಿಂದ ಬರುವ ಕಾಯಿಲೆಯ ಪರಿಹಾರ ಅರ್ಜಿಗಳು ಸೋಲುವುದು ಹೆಚ್ಚಾಗಿ ಕಾನೂನು ಇಲ್ಲದ್ದರಿಂದಲ್ಲ, ಪುರಾವೆ ಇಲ್ಲದ್ದರಿಂದ. ಶ್ವಾಸಕೋಶ ಗಡಸಾಗುವ ಆಸ್ಬೆಸ್ಟೋಸಿಸ್ ಕಾಣಿಸಿಕೊಳ್ಳಲು 10ರಿಂದ 20 ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕು. ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೋಥೀಲಿಯೋಮ ಕ್ಯಾನ್ಸರಿಗೆ 20ರಿಂದ 40 ವರ್ಷ. ಅಷ್ಟರಲ್ಲಿ ಕಾರ್ಖಾನೆ ಮುಚ್ಚಿರುತ್ತದೆ, ಕಂಟ್ರಾಕ್ಟರ್ ಊರು ಬಿಟ್ಟಿರುತ್ತಾನೆ, ಹಾಜರಿ ಪುಸ್ತಕ ಗೆದ್ದಲಿಗೆ ಹೋಗಿರುತ್ತದೆ. ಆದ್ದರಿಂದ ಕೆಲಸದ ದಾಖಲೆ ಕೂಡಿಸುವುದೇ ಮೊದಲ ಹೆಜ್ಜೆ. ವಕೀಲರ ಹತ್ತಿರ ಹೋಗುವುದು ಆಮೇಲೆ.

ಮೊದಲು: ಕೆಲಸದ ಪುರಾವೆ

ಒಂದು ಹಾಳೆಯಲ್ಲಿ ಇಸವಿವಾರು ಬರೆಯಿರಿ: ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾರ ಹತ್ತಿರ, ಯಾವ ಜಾಗದಲ್ಲಿ, ಕೈಯಲ್ಲಿ ಏನು ಕೆಲಸ. 'ಕೂಲಿ' ಎಂದಷ್ಟೇ ಬರೆದರೆ ಏನೂ ಹೇಳಿದಂತಾಗುವುದಿಲ್ಲ. 'ಶೀಟನ್ನು ಮೆಷಿನ್ನಿನಲ್ಲಿ ಕೊಯ್ಯುತ್ತಿದ್ದೆ, ದಿನಕ್ಕೆ ಇಷ್ಟು ಹೊತ್ತು, ಮುಖಕ್ಕೆ ಟವಲ್ ಬಿಟ್ಟರೆ ಬೇರೇನೂ ಇರಲಿಲ್ಲ' ಎಂದು ಬರೆಯಿರಿ.

ಅದಕ್ಕೆ ಒತ್ತಾಸೆಯಾಗಿ ಪಿಎಫ್ ಪಾಸ್‌ಬುಕ್, ಇಎಸ್‌ಐ (ನೌಕರರ ರಾಜ್ಯ ವಿಮೆ) ವಂತಿಗೆಯ ವಿವರ, ಸಂಬಳದ ಚೀಟಿ, ಗುರುತಿನ ಚೀಟಿ, ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಹುಡುಕಿ. ತೋಟದವರಾದರೆ ಹಾಜರಿ ಬರೆಯುವ ಚೆಕ್‌ರೋಲಿನಲ್ಲಿ ಹೆಸರಿರುತ್ತದೆ. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಹಳೆಯ ವರ್ಷಗಳ ನಕಲು ಕೇಳಿ. ಏನೂ ಸಿಗದಿದ್ದರೆ ಜೊತೆಗೆ ದುಡಿದ ಇಬ್ಬರ ಪ್ರಮಾಣಪತ್ರ ಮಾಡಿಸಿ. ಆ ಇಬ್ಬರೂ ಅದೇ ಅವಧಿಯಲ್ಲಿ ಅಲ್ಲೇ ಕೆಲಸ ಮಾಡಿದ್ದಕ್ಕೆ ತಮ್ಮದೊಂದು ದಾಖಲೆ ಹೊಂದಿರಬೇಕು. ಇಲ್ಲದಿದ್ದರೆ ಪಾಟೀಸವಾಲಿನಲ್ಲಿ ಆ ಸಾಕ್ಷ್ಯ ನಿಲ್ಲುವುದಿಲ್ಲ.

ಕಾರ್ಖಾನೆಯಲ್ಲಿ ದುಡಿದವರಿಗೆ ಇನ್ನೊಂದು ದೊಡ್ಡ ಆಸರೆಯಿದೆ. 1995ರ ಜನವರಿ 27ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ಕಲ್ನಾರು ಉದ್ಯಮವು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಟ್ಟಿರಬೇಕು. ಈ ದಾಖಲೆಯ ಪ್ರತಿ ಕೊಡಿ ಎಂದು ಲಿಖಿತವಾಗಿ ಕೇಳಿ. ಕೊಟ್ಟರೆ ಎಕ್ಸ್‌ರೇ ಇತಿಹಾಸ ಸಿಗುತ್ತದೆ. ಕೊಡದಿದ್ದರೆ, ನೀವು ಕೇಳಿದ ಪತ್ರವೇ ವಿಚಾರಣೆಯಲ್ಲಿ ನಿಮ್ಮ ಪರ ನಿಲ್ಲುತ್ತದೆ. ಜೊತೆಗೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ ಆ ಕಾರ್ಖಾನೆಯ ಪರವಾನಗಿ ಮತ್ತು ತಪಾಸಣಾ ವರದಿಗಳನ್ನು ಕೇಳಬಹುದು. ಉತ್ತರಕ್ಕೆ 30 ದಿನದ ಗಡುವಿದೆ.

ಕಾಯಿಲೆಗೆ ಸರಿಯಾದ ಹೆಸರು

ಮೆಟ್ಟಿಲು ಹತ್ತುವಾಗ ಏದುಸಿರು, ಒಣ ಕೆಮ್ಮು. ಇದನ್ನು ಬಹಳಷ್ಟು ಕಡೆ ಟಿಬಿ ಎಂದೋ ದಮ್ಮು ಎಂದೋ ಬರೆದು ಕಳಿಸುತ್ತಾರೆ, ಆ ಹೆಸರು ಕಡತದಲ್ಲಿ ಕೂತುಬಿಡುತ್ತದೆ. ಕಫದ ಪರೀಕ್ಷೆಯಲ್ಲಿ ಟಿಬಿ ಸಿಗದೆಯೂ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿಯೂ ಉಸಿರು ಸುಧಾರಿಸದಿದ್ದರೆ, ಹಳೆಯ ಕೆಲಸ ಏನಿತ್ತೆಂದು ವೈದ್ಯರಿಗೆ ನೀವೇ ಹೇಳಿ. ಹಾಸನದ ಹಿಮ್ಸ್ ಅಥವಾ ಚಿಕ್ಕಮಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಶ್ವಾಸಕೋಶ ವಿಭಾಗದಲ್ಲಿ ಶುರು ಮಾಡಿ. ಅಲ್ಲಿ ತೀರ್ಮಾನವಾಗದಿದ್ದರೆ ಬೆಂಗಳೂರಿನ ರಾಜೀವ್ ಗಾಂಧಿ ಎದೆ ರೋಗಗಳ ಸಂಸ್ಥೆಗೆ ಕಳಿಸಲು ಕೇಳಿ. ಔದ್ಯೋಗಿಕ ಕಾಯಿಲೆಗಳ ಅಧ್ಯಯನಕ್ಕೆಂದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದಕ್ಷಿಣ ಪ್ರಾದೇಶಿಕ ಕೇಂದ್ರವೂ ಬೆಂಗಳೂರಿನಲ್ಲಿದೆ.

ಮೂರು ಪರೀಕ್ಷೆಗಳು ಮುಖ್ಯ. ಎದೆಯ ಎಕ್ಸ್‌ರೇಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರ್ಗೀಕರಣದಂತೆ ಓದಿಸಬೇಕು. ಕಲ್ನಾರಿನ ಗುರುತು ಸಾಮಾನ್ಯವಾಗಿ ಶ್ವಾಸಕೋಶದ ಕೆಳಭಾಗದಲ್ಲಿ ಅಡ್ಡಾದಿಡ್ಡಿ ಗೆರೆಗಳಾಗಿ ಕಾಣುತ್ತದೆ. ಎರಡನೆಯದು ತೆಳು ಪದರದ ಸಿಟಿ ಸ್ಕ್ಯಾನ್. ಎಕ್ಸ್‌ರೇಯಲ್ಲಿ ತಪ್ಪಿಸಿಕೊಂಡ ಪೊರೆಯ ಗಟ್ಟಿ ಕಲೆಗಳು ಇದರಲ್ಲಿ ಸಿಗುತ್ತವೆ. ಮೂರನೆಯದು ಊದಿಸಿ ನೋಡುವ ಸ್ಪೈರೋಮೆಟ್ರಿ. ಕ್ಯಾನ್ಸರ್ ಅನುಮಾನವಿದ್ದರೆ ಬಯಾಪ್ಸಿ ಬೇಕು, ಅದಕ್ಕೆ ತೆಗೆದ ಅಂಗಾಂಶದ ತುಣುಕು ಇಟ್ಟ ಮೇಣದ ಬ್ಲಾಕನ್ನು ಆಸ್ಪತ್ರೆ ಕಾಪಿಡಲಿ ಎಂದು ಬರೆದು ಕೊಡಿ. ಫಿಲಂ, ಸಿಡಿ ಎಲ್ಲವೂ ನಿಮ್ಮ ಬಳಿ ಇರಲಿ, ಬರೀ ವರದಿ ಸಾಲದು. ಬೀಡಿ ಸೇದುತ್ತಿದ್ದರೆ ಮುಚ್ಚಿಡಬೇಡಿ. ಕಲ್ನಾರು ಮತ್ತು ತಂಬಾಕು ಸೇರಿದಾಗ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬಹುಪಟ್ಟು ಏರುತ್ತದೆ, ಆದರೆ ಸೇದುತ್ತಿದ್ದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಮೀಸೋಥೀಲಿಯೋಮಕ್ಕಂತೂ ತಂಬಾಕು ಕಾರಣವೇ ಅಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಪ್ರಮಾಣಪತ್ರದಲ್ಲಿ 'ದೈಹಿಕ ಅಂಗವೈಕಲ್ಯ 30%' ಎಂದಿದ್ದರೆ ಕೆಲಸ ಅರ್ಧ ಆದಂತೆ. ಪರಿಹಾರ ನಿಂತಿರುವುದು ಗಳಿಕೆ ಸಾಮರ್ಥ್ಯ ಎಷ್ಟು ಕುಂದಿದೆ ಎಂಬುದರ ಮೇಲೆ. ಉಸಿರು 30% ಕುಂದಿದ ಗುಮಾಸ್ತ ಕುರ್ಚಿಯಲ್ಲಿ ಕೂತು ಕೆಲಸ ಮಾಡಿಯಾನು. ಅಷ್ಟೇ ಕುಂದಿದ ಹಮಾಲಿ ಮೂಟೆ ಎತ್ತಲಾರ. 'ಈ ಕೆಲಸದಲ್ಲಿ ಗಳಿಕೆ ಸಾಮರ್ಥ್ಯದ ನಷ್ಟ ಶೇಕಡಾ ಇಷ್ಟು' ಎಂಬ ಸಾಲನ್ನೂ ಕಾಯಿಲೆಗೆ ಕಾರಣ ಕಲ್ನಾರು ಎಂಬ ಸಾಲನ್ನೂ ವೈದ್ಯರಿಂದ ಬರೆಸಿಕೊಳ್ಳಿ.

ಯಾವ ಕಾನೂನು, ಯಾವ ಬಾಗಿಲು?

ಇಎಸ್‌ಐ ಇದ್ದವರ ದಾರಿ ಬೇರೆ. ಅವರು ಇಎಸ್‌ಐ ಶಾಖಾ ಕಚೇರಿಯಲ್ಲೇ ಅರ್ಜಿ ಹಾಕಬೇಕು, ಮಾಲೀಕನ ಮೇಲೆ ಪ್ರತ್ಯೇಕ ಪರಿಹಾರ ಕೇಳಲು ಬರುವುದಿಲ್ಲ. ವೈದ್ಯಕೀಯ ಮಂಡಳಿ ಪರೀಕ್ಷಿಸಿ ಅಂಗವೈಕಲ್ಯ ನಿಗದಿ ಮಾಡಿದ ಮೇಲೆ ಒಂದೇ ಗಂಟಿನ ಬದಲು ಮಾಸಾಶನ ಬರುತ್ತದೆ.

ಉಳಿದವರಿಗೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ, 2020 ಬಂದಿದೆ. ಪರಿಹಾರದ ವಿಷಯ ಅದರ 7ನೇ ಅಧ್ಯಾಯದಲ್ಲಿದೆ. ಹೆಸರು ಬದಲಾದರೂ ಚೌಕಟ್ಟು ಬಹುಮಟ್ಟಿಗೆ ಹಳೆಯದೇ. ಹಳೆಯ ಕಾಯ್ದೆಯ ಮೂರನೇ ಅನುಸೂಚಿಯ 'ಸಿ' ಭಾಗದಲ್ಲಿ ಆಸ್ಬೆಸ್ಟೋಸಿಸ್, 'ಬಿ' ಭಾಗದಲ್ಲಿ ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೀಸೋಥೀಲಿಯೋಮ ಇವೆ. ಹೊಸ ಸಂಹಿತೆಯಲ್ಲೂ ಔದ್ಯೋಗಿಕ ಕಾಯಿಲೆಗಳ ಪಟ್ಟಿ ಮೂರನೇ ಅನುಸೂಚಿಯೇ. ಕಾಯಿಲೆ ಹಳೆಯ ಕಾಯ್ದೆಯ ಕಾಲದ್ದಾದರೆ ಅರ್ಜಿಯ ತಲೆಬರಹದಲ್ಲಿ ಎರಡೂ ಕಾನೂನುಗಳ ಹೆಸರು ಬರೆಯುವುದು ಕ್ಷೇಮ.

ಕೆಲಸದಲ್ಲಿರುವಾಗಲೇ ಪಟ್ಟಿಯಲ್ಲಿನ ಕಾಯಿಲೆ ಬಂದರೆ, ನಿಗದಿತ ಅವಧಿ ದುಡಿದಿದ್ದಲ್ಲಿ ('ಬಿ' ಭಾಗಕ್ಕೆ ಸತತ 6 ತಿಂಗಳು) ಅದು ಕೆಲಸದಿಂದಲೇ ಬಂತೆಂದು ಕಾನೂನು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊರೆ ಮಾಲೀಕನದು. ಕೆಲಸ ಬಿಟ್ಟ ಮೇಲೆ ಕಾಯಿಲೆ ಬಂದರೂ ಹಕ್ಕು ಇದೆ, ಆದರೆ ಸಂಬಂಧ ಸಾಬೀತು ಮಾಡುವ ಹೊರೆ ನಿಮ್ಮದು. ಮೇಲೆ ಹೇಳಿದ ಇಸವಿವಾರು ಹಾಳೆಯ ಬೆಲೆ ಇಲ್ಲಿ ಗೊತ್ತಾಗುತ್ತದೆ. ಇಬ್ಬರು ಮೂವರು ಮಾಲೀಕರ ಕೈಕೆಳಗೆ ದುಡಿದಿದ್ದರೆ ಎಲ್ಲರನ್ನೂ ಎದುರುದಾರರನ್ನಾಗಿ ಮಾಡಿ, ಪಾಲು ಹಂಚುವುದು ಅರ್ಜಿ ವಿಚಾರಿಸುವ ಪ್ರಾಧಿಕಾರದ ಕೆಲಸ. ಕಂಟ್ರಾಕ್ಟರ್ ಮೂಲಕ ಹೋಗಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನನ್ನೂ ಸೇರಿಸಿ.

ನೋಟಿಸು ಮತ್ತು ಅರ್ಜಿ

ಮಾಲೀಕನಿಗೆ ಕೊಡುವ ನೋಟಿಸಿಗೆ ಕಾನೂನಿನ ಭಾಷೆ ಬೇಕಿಲ್ಲ. ನಿಮ್ಮ ಹೆಸರು, ವಿಳಾಸ, ಕಾಯಿಲೆಯ ಕಾರಣ, ದಿನಾಂಕ, ಇಷ್ಟು ಆಡುಮಾತಿನಲ್ಲಿ ಸಾಕು. ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅರ್ಜಿ ಹಾಕಲು ಎರಡು ವರ್ಷದ ಗಡುವು. ಕಲ್ನಾರಿನ ಕಾಯಿಲೆಯಲ್ಲಿ ವಾದ ಬರುವುದೇ ಆ ಎರಡು ವರ್ಷ ಯಾವತ್ತಿನಿಂದ ಎಂಬುದರ ಮೇಲೆ. ಕಾಯಿಲೆ ಇಂಥದ್ದೆಂದು ವೈದ್ಯರು ಮೊದಲು ಬರೆದ ದಿನದಿಂದ ಲೆಕ್ಕ ಹಿಡಿದು ಬೇಗ ಹಾಕಿ, ಜೊತೆಗೆ ವಿಳಂಬ ಮನ್ನಿಸುವಂತೆ ಪ್ರತ್ಯೇಕ ಅರ್ಜಿಯನ್ನೂ ಇಡಿ. ಟಿಬಿ ಎಂದು ತಪ್ಪಾಗಿ ಚಿಕಿತ್ಸೆ ಪಡೆದ ಚೀಟಿಗಳು ಈ ಮನ್ನಾ ಅರ್ಜಿಗೆ ಒಳ್ಳೆಯ ಆಧಾರ.

ಕರ್ನಾಟಕದಲ್ಲಿ ಹಳೆಯ ಕಾಯ್ದೆಯ ಪರಿಹಾರ ಆಯುಕ್ತರ ಅಧಿಕಾರವನ್ನು ಹಿರಿಯ ಸಿವಿಲ್ ನ್ಯಾಯಾಧೀಶರು ನಡೆಸುತ್ತಿದ್ದರು. ಸಂಹಿತೆಯ ಭಾಷೆಯಲ್ಲಿ ಈಗ ಅದು 'ಸಕ್ಷಮ ಪ್ರಾಧಿಕಾರ'. ಕೆಲಸ ಮಾಡಿದ ಊರಿನಲ್ಲೇ ಹಾಕಬೇಕೆಂದಿಲ್ಲ. ನೀವು ವಾಸವಿರುವ ಜಾಗದಲ್ಲೂ ಹಾಕಬಹುದು. ಪುಣೆಯಲ್ಲೋ ಅಹಮದಾಬಾದಿನಲ್ಲೋ ದುಡಿದು ಕಡೂರಿಗೆ ಮರಳಿದವರಿಗೆ ಇದು ದೊಡ್ಡ ಅನುಕೂಲ. ವಕೀಲರಿಗೆ ಹಣವಿಲ್ಲದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ.

ಲೆಕ್ಕ ಹೀಗೆ

ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ತಿಂಗಳ ವೇತನದ 60%, ಸಾವಿಗೆ 50%. ಅದನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. ಗುಣಕ 40ನೇ ವಯಸ್ಸಿಗೆ 184.17, 50ಕ್ಕೆ 153.09, 60ಕ್ಕೆ 117.41. 2020ರ ಜನವರಿ 3ರ ಅಧಿಸೂಚನೆಯಂತೆ ವೇತನ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದು ತಿಂಗಳಿಗೆ 15,000 ರೂಪಾಯಿವರೆಗೆ; ಅರ್ಜಿ ಹಾಕುವ ದಿನ ಈ ಮಿತಿ ಏರಿದೆಯೇ ಎಂದು ವಿಚಾರಿಸಿ.

50 ವರ್ಷದ, 18,000 ರೂಪಾಯಿ ಸಂಬಳದ ಕೆಲಸಗಾರನಿಗೆ 15,000ದ 60%, ಅಂದರೆ 9,000. ಅದನ್ನು 153.09ರಿಂದ ಗುಣಿಸಿದರೆ 13,77,810 ರೂಪಾಯಿ. ಗಳಿಕೆ ಸಾಮರ್ಥ್ಯದ ನಷ್ಟ 40% ಎಂದು ಸಾಬೀತಾದರೆ ಸಿಗುವುದು 5,51,124. ಅವರು ಅದೇ ಕಾಯಿಲೆಯಿಂದ ತೀರಿಕೊಂಡರೆ ಅವಲಂಬಿತರಿಗೆ 11,48,175. ಹುಟ್ಟಿದ ದಿನಾಂಕದಲ್ಲಿ ತಪ್ಪಿದ್ದರೆ ಗುಣಕವೇ ಬದಲಾಗುತ್ತದೆ, ಆದ್ದರಿಂದ ಆಧಾರ್ ಮತ್ತು ಶಾಲಾ ದಾಖಲೆ ತಾಳೆಯಾಗುತ್ತವೆಯೇ ಎಂದು ಮೊದಲೇ ನೋಡಿ. ಹಣ ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ 12% ಸರಳ ಬಡ್ಡಿ, ಸಕಾರಣವಿಲ್ಲದೆ ತಡಮಾಡಿದ್ದರೆ ಮೊತ್ತದ 50%ವರೆಗೆ ದಂಡ. ಇವೆರಡನ್ನೂ ಅರ್ಜಿಯಲ್ಲೇ ಕೇಳಿರಬೇಕು. ಚಿಕಿತ್ಸೆಯ ಖರ್ಚನ್ನೂ ಬಿಲ್ಲು ಇಟ್ಟು ಕೇಳಿ.

'ಎರಡು ಲಕ್ಷ ತಗೊಂಡು ಸಹಿ ಹಾಕು' ಎಂದು ಮೇಸ್ತ್ರಿಯ ಕೈಯಲ್ಲಿ ಕಾಗದ ಕಳಿಸುವುದು ಮಾಮೂಲು. ಹಕ್ಕು ಬಿಟ್ಟುಕೊಡುವ ಅಂಥ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಸಾವಿನ ಪರಿಹಾರವಂತೂ ಪ್ರಾಧಿಕಾರದ ಮೂಲಕವೇ ಬರಬೇಕು.

ಕೆಲಸಗಾರ ತೀರಿಕೊಂಡರೆ

ಸ್ಥಳೀಯ ಸಂಸ್ಥೆ ಕೊಡುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. ಆಸ್ಪತ್ರೆಯ ವೈದ್ಯರು ತುಂಬುವ ಸಾವಿನ ಕಾರಣದ ಪ್ರಮಾಣಪತ್ರ ಬೇರೆಯೇ ಇದೆ, ಅದರ ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ 'ಹೃದಯ ಸ್ತಂಭನ' ಎಂದಷ್ಟೇ ಬರೆದಿದ್ದರೆ, ಮೂಲ ಕಾಯಿಲೆಯ ಸಾಲಿನಲ್ಲಿ ಆಸ್ಬೆಸ್ಟೋಸಿಸ್ ಅಥವಾ ಮೀಸೋಥೀಲಿಯೋಮ ಎಂದು ಸೇರಿಸಲು ಹಳೆಯ ವರದಿಗಳನ್ನು ತೋರಿಸಿ ವಿನಂತಿಸಿ. ಮನೆಯಲ್ಲೇ ತೀರಿಕೊಂಡರೆ ಕೊನೆಯದಾಗಿ ನೋಡಿದ ವೈದ್ಯರಿಂದ ಅದೇ ವಾರ ಪತ್ರ ಬರೆಸಿಕೊಳ್ಳಿ.