ಗೊರಿಲ್ಲಾ ಬಂದಾಗ ವೈಬ್ರಾಫೋನ್ ಹಾಕಿ

ಮಳೆಗಾಲದಲ್ಲಿ ಮೈಕ್‌ಸೆಟ್‌ನವನಿಗೆ ಕೆಲಸ ಕಡಿಮೆ. ಮದುವೆ ಇಲ್ಲ, ಬಯಲಾಟ ಇಲ್ಲ, ಜಾತ್ರೆ ಇಲ್ಲ. ಆದರೆ ಕಾರವಾರದ ತೇವಕ್ಕೆ ಆಂಪ್ಲಿಫೈಯರನ್ನು ಸುಮ್ನೆ ಮೂಲೆಗೆ ಇಟ್ಟರೆ ಒಳಗೆ ಬೂಷ್ಟು ಹಿಡಿಯುತ್ತದೆ. ಆಗಾಗ ಕರೆಂಟ್ ಕೊಟ್ಟು ಬೆಚ್ಚಗೆ ಮಾಡಲೇಬೇಕು. ಹೇಗೂ ಆನ್ ಮಾಡುತ್ತೇವಲ್ಲ ಎಂದು ಕೋಡಿಬಾಗದ ನಮ್ಮ ಗೋಡೌನಿನಲ್ಲಿ ಬಿಳಿ ಪಂಚೆ ಬಿಗಿದು ಸಿನಿಮಾ ಹಾಕುತ್ತೇನೆ. ಎಲ್ಲಾ ಅಮೆರಿಕದಲ್ಲಿ 1950ರ ದಶಕದಲ್ಲಿ ಬಂದ ಅಗ್ಗದ ವೈಜ್ಞಾನಿಕ ಸಿನಿಮಾಗಳು. ದಾರ ಕಾಣುವ ಹಾರುವ ತಟ್ಟೆ, ರಬ್ಬರ್ ರಾಕ್ಷಸ, ರಟ್ಟಿನ ರಾಕೆಟ್. ಅವುಗಳ ಸದ್ದು ಇಳಿಸಿ, ಅದೇ ಕಾಲದ ಲೌಂಜ್ ಸಂಗೀತವನ್ನು ಮೇಲೆ ಸೇರಿಸುವುದು ನನ್ನ ಹುಚ್ಚು. ಹೇಗೆ ಮಾಡ್ತೀರಿ ಎಂದು ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆದಿದ್ದೇನೆ.

ಲೌಂಜ್ ಅಂದರೆ ದೊಡ್ಡ ಹೋಟೆಲಿನ ಬಾರಿನಲ್ಲೋ, ಮನೆಗೆ ಹೊಸದಾಗಿ ತಂದ ಸ್ಟೀರಿಯೋದಲ್ಲೋ, ಮಾತುಕತೆಯ ಹಿಂದೆ ಕೇಳಲೆಂದು ಮಾಡಿದ ಸಂಗೀತ. ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವೈಬ್ರಾಫೋನ್, ಬಾಂಗೋ ಎಂಬ ಜೋಡಿ ಪುಟ್ಟ ಡೋಲು, ಪಿಯಾನೋ, ಮೆತ್ತಗಿನ ಪಿಟೀಲು. ಅವಸರವೇ ಇಲ್ಲ.

ಇಡೀ ವಿದ್ಯೆ ಒಂದೇ ಮಾತಿನಲ್ಲಿದೆ: ಸಿನಿಮಾ ನಗಿಸಲಿ, ಸಂಗೀತ ನಗುವುದು ಬೇಡ. ಹೊಸಬರು ಪೆದ್ದು ದೃಶ್ಯಕ್ಕೆ ಪೆದ್ದು ಟ್ಯೂನ್ ಹುಡುಕುತ್ತಾರೆ. ಆಗ ಎರಡೂ ಕೆಡುತ್ತವೆ. ನಮ್ಮ ಬಡಗುತಿಟ್ಟಿನ ಯಕ್ಷಗಾನದ ಆಟ ನೋಡಿದ್ದೀರಲ್ವಾ? ಹಾಸ್ಯಗಾರ ರಂಗದ ಮೇಲೆ ಎಷ್ಟೇ ಕೋಡಂಗಿತನ ಮಾಡಲಿ, ಭಾಗವತರು ತಾಳ ಬಿಡುವುದಿಲ್ಲ, ಮದ್ದಲೆಯವರು ಹಲ್ಲು ಕಿರಿಯುವುದಿಲ್ಲ. ಅವರು ಗಟ್ಟಿಯಾಗಿ ಕೂತಷ್ಟೂ ಜನ ನಗುತ್ತಾರೆ. ಹಾಗಾಗಿ ಸಿನಿಮಾ ಎಷ್ಟು ಕಚ್ಚಾ ಇದೆಯೋ, ಸಂಗೀತ ಅಷ್ಟು ಚೊಕ್ಕವಾಗಿರಬೇಕು.

ಮೊದಲ ರಾತ್ರಿಗೆ 1953ರ ‘ರೋಬೋಟ್ ಮಾನ್‌ಸ್ಟರ್’ ತಗೊಳ್ಳಿ. ಒಂದು ಗಂಟೆಯ ಮೇಲೆ ಚೂರೇ ಇದೆ. ಇದರಲ್ಲಿ ಭೂಮಿಯನ್ನು ನಾಶಮಾಡಲು ಬಂದವನು ಗೊರಿಲ್ಲಾ ವೇಷದ ಮೇಲೆ ಸಮುದ್ರಕ್ಕೆ ಧುಮುಕುವವರ ಹೆಲ್ಮೆಟ್ ಥರದ್ದೊಂದು ಹಾಕಿಕೊಂಡಿರುತ್ತಾನೆ. ಅವನ ಗುಹೆಯಲ್ಲಿರುವ ಯಂತ್ರದಿಂದ ಸೋಪಿನ ಗುಳ್ಳೆಗಳು ಬರುತ್ತವೆ. ಅವನು ಗುಡ್ಡ ಹತ್ತುತ್ತಾನೆ, ಇಳಿಯುತ್ತಾನೆ, ಮತ್ತೆ ಹತ್ತುತ್ತಾನೆ. ನಿಮ್ಮ ಸಂಗೀತಕ್ಕೆ ಜಾಗ ಸಿಗುವುದು ಇಲ್ಲೇ. ಶೀರ್ಷಿಕೆ ಬರುವಾಗ ಮಾತ್ರ ಸಿನಿಮಾದ್ದೇ ಸಂಗೀತ ಬಿಡಿ. ಅದನ್ನು ಮಾಡಿದವರು ಎಲ್ಮರ್ ಬರ್ನ್‌ಸ್ಟೀನ್. 1956ರಲ್ಲಿ ‘ದಿ ಟೆನ್ ಕಮಾಂಡ್‌ಮೆಂಟ್ಸ್’ಗೆ ಸಂಗೀತ ಕೊಟ್ಟವರು ಇವರೇ. ಗೊರಿಲ್ಲಾಕ್ಕೂ ಅವರು ಪೂರ್ತಿ ಮನಸ್ಸಿಟ್ಟೇ ಕೆಲಸ ಮಾಡಿದ್ದಾರೆ. ನಾನು ಮೇಲೆ ಹೇಳಿದ್ದು ಅವರಿಗೆ ಮೊದಲೇ ಗೊತ್ತಿತ್ತು ನೋಡಿ.

ಗುಡ್ಡ ಹತ್ತುವ ದೃಶ್ಯಗಳಿಗೆ ಆರ್ಥರ್ ಲೈಮನ್ ಅವರ ವೈಬ್ರಾಫೋನ್ ಹಾಕಿ. 1958ರ ‘ಟಾಬೂ’ ಎಲ್‌ಪಿ, ಅಂದರೆ ದೊಡ್ಡ ಗ್ರಾಮಫೋನ್ ರೆಕಾರ್ಡು, ಸಾಕು. ಹವಾಯಿಯಲ್ಲಿ ಅಲ್ಯೂಮಿನಿಯಂ ಗುಮ್ಮಟದ ಸಭಾಂಗಣವೊಂದಿತ್ತು, ಅವರ ರೆಕಾರ್ಡಿಂಗ್ ನಡೆಯುತ್ತಿದ್ದದ್ದು ಅಲ್ಲಿ. ಒಂದೊಂದು ಸ್ವರವೂ ತೇಲುತ್ತಾ ಹೋಗುತ್ತದೆ. ಗೊರಿಲ್ಲಾ ಏದುಸಿರು ಬಿಡುತ್ತಾ ನಡೆಯುವಾಗ ಈ ತೇಲಾಟ ಕೇಳಿದರೆ ಅವನ ಮೇಲೆ ಪಾಪ ಅನ್ನಿಸುತ್ತದೆ. ನನಗೆ ಬೇಕಾದದ್ದೂ ಅದೇ.

ಲೈಮನ್ ಮೊದಲಿಗೆ ಬಾರಿಸುತ್ತಿದ್ದದ್ದು ಮಾರ್ಟಿನ್ ಡೆನಿ ಅವರ ತಂಡದಲ್ಲಿ. ಹೊನೊಲುಲುವಿನ ಹೋಟೆಲಿನಲ್ಲಿ ಡೆನಿಯವರ ವೇದಿಕೆಯ ಪಕ್ಕ ಒಂದು ಕೊಳವಿತ್ತು. ಇವರು ಬಾರಿಸಿದರೆ ಕಪ್ಪೆಗಳು ವಟಗುಟ್ಟುತ್ತಿದ್ದವು, ನಿಲ್ಲಿಸಿದರೆ ಅವೂ ಸುಮ್ಮನಾಗುತ್ತಿದ್ದವು. ತಂಡದವರು ತಮಾಷೆಗೆ ಹಕ್ಕಿ ಕೂಗು ಸೇರಿಸಿದರು. ಜನ ಅದನ್ನೇ ಕೇಳತೊಡಗಿದರು. ಅದೇ ಶೈಲಿಯಲ್ಲಿ 1957ರಲ್ಲಿ ‘ಎಕ್ಸೋಟಿಕಾ’ ಎಲ್‌ಪಿ ಬಂತು. ಜೂನ್‌ನಲ್ಲಿ ಇದನ್ನು ಹಾಕಿ ಕಿಟಕಿ ತೆರೆದಿಡಿ. ನಮ್ಮ ಗದ್ದೆಯ ಕಪ್ಪೆಗಳಿಗೆ ಸಂಭಾವನೆ ಕೊಡಬೇಕಾಗಿಲ್ಲ.

ಥೆರೆಮಿನ್ ವಿಷಯದಲ್ಲಿ ಹುಷಾರು. ಕೈ ತಾಗಿಸದೆ ನುಡಿಸುವ ವಾದ್ಯ ಅದು, ‘ಊಂ’ ಎಂದು ದೆವ್ವದ ಹಾಗೆ ಅಳುತ್ತದೆ. ಅನ್ಯಗ್ರಹದವರು ಬಂದ ಕೂಡಲೇ ಎಲ್ಲರೂ ಅದನ್ನೇ ಹಾಕುತ್ತಾರೆ. ನೀವು ಹಾಕಬೇಡಿ. ಗಂಡ ಹೆಂಡತಿ ಸೋಫಾದಲ್ಲಿ ಕೂತು ಕಾಫಿ ಕುಡಿಯುವ ದೃಶ್ಯಕ್ಕೆ ಹಾಕಿ ನೋಡಿ. ಇಡೀ ಮನೆ ಅನುಮಾನ ಹುಟ್ಟಿಸುತ್ತದೆ. ಇದಕ್ಕೆ 1947ರ ‘ಮ್ಯೂಸಿಕ್ ಔಟ್ ಆಫ್ ದ ಮೂನ್’ ಸರಿ. ಲೆಸ್ ಬ್ಯಾಕ್ಸ್‌ಟರ್ ಅವರ ವಾದ್ಯವೃಂದ, ಸ್ಯಾಮ್ಯುಯೆಲ್ ಹಾಫ್‌ಮನ್ ಅವರ ಥೆರೆಮಿನ್. ನೀಲ್ ಆರ್ಮ್‌ಸ್ಟ್ರಾಂಗ್ 1969ರ ಅಪೋಲೊ 11 ಯಾನಕ್ಕೆ ಕ್ಯಾಸೆಟ್‌ನಲ್ಲಿ ತಗೊಂಡು ಹೋಗಿ ಕೇಳಿದ್ದು ಇದನ್ನೇ. ನಿಜವಾದ ಚಂದ್ರಯಾನಿ ಆರಿಸಿದ ಸಂಗೀತವನ್ನು ಕಾಫಿ ಲೋಟಕ್ಕೆ ಹಾಕುವುದರಲ್ಲಿ ಒಂದು ಖುಷಿ ಇದೆ.

ಹಾಗಾದರೆ ಹಾರುವ ತಟ್ಟೆಗೆ ಏನು? ಅಕಾರ್ಡಿಯನ್. ಇನಾಕ್ ಡೇನಿಯಲ್ಸ್ ಅವರು ಹಿಂದಿ ಸಿನಿಮಾ ಹಾಡುಗಳನ್ನು ಅಕಾರ್ಡಿಯನ್‌ನಲ್ಲಿ ನುಡಿಸಿದ ಹಳೆಯ ರೆಕಾರ್ಡುಗಳಿವೆ. ವ್ಯಾನ್ ಶಿಪ್ಲಿ, ಹಜಾರಾ ಸಿಂಗ್ ಅವರ ಗಿಟಾರ್ ರೆಕಾರ್ಡುಗಳೂ ಇವೆ. ನನ್ನ ಲೆಕ್ಕದಲ್ಲಿ ನಮ್ಮ ದೇಶದ ಲೌಂಜ್ ಇದೇ. ಆದರೆ ತೀರಾ ಗೊತ್ತಿರುವ ಹಾಡು ಆರಿಸಬೇಡಿ. ಜನ ಗುನುಗಲು ಶುರುಮಾಡಿದರೆ ಸಿನಿಮಾ ಬಿಟ್ಟುಹೋಗುತ್ತದೆ. ನಮ್ಮ ಓಣಿಯಲ್ಲಿ ಚರ್ಚ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ ಮಾಮ ಇದ್ದಾರೆ. ಪ್ಯಾಂಟಿನ ಜೇಬಿಗೆ ಕೈ ಹಾಕಿ ಬಾಗಿಲಲ್ಲೇ ನಿಂತು ನೋಡುತ್ತಾರೆ. ಒಮ್ಮೆ ‘ಮಾಮ, ಒಳಗೆ ಬನ್ನಿ’ ಎಂದರೆ, ‘ನಿನ್ನ ಸಿನಿಮಾ ಬೇಡ ಮಾರಾಯಾ, ಆ ಸ್ಯಾಕ್ಸೋಫೋನ್ ಮುಗಿಯಲಿ ಅಂತ ನಿಂತಿದ್ದೇನೆ’ ಎಂದರು.

ಮಾತಿರುವ ಹಾಡು ಬೇಡವೇ ಬೇಡ. ಪಾತ್ರದ ಮಾತಿಗೂ ಹಾಡಿನ ಮಾತಿಗೂ ಜಗಳ ಬೀಳುತ್ತದೆ. ಮೆಕ್ಸಿಕೋದ ಎಸ್ಕಿವೆಲ್ ಅವರ ತಂಡದವರು ‘ಜೂ ಜೂ ಜೂ’ ಎಂದು ಹಾಡುತ್ತಾರಲ್ಲ, ಅಂಥದ್ದು ಪರವಾಗಿಲ್ಲ. ಅವರ 1958ರ ‘ಅದರ್ ವರ್ಲ್ಡ್ಸ್ ಅದರ್ ಸೌಂಡ್ಸ್’ ಹಾಕುವುದಾದರೆ ಎರಡು ಸ್ಪೀಕರ್ ಬಾಕ್ಸ್‌ಗಳನ್ನು ಗೋಡೆಯ ಎರಡು ತುದಿಗೆ ಇಡಿ. ಅವರ ಕೆಲಸವೆಲ್ಲ ಸದ್ದನ್ನು ಎಡದಿಂದ ಬಲಕ್ಕೆ ಓಡಿಸುವುದು. ಸಭೆಗೆ ಕೊಡುವ, ಎಡ ಬಲ ಬೇರೆ ಮಾಡದ ಮೋನೋ ಆಂಪ್ಲಿಫೈಯರಿನಲ್ಲಿ ಅದು ಸತ್ತೇಹೋಗುತ್ತದೆ. ಹಾರ್ನ್ ಸ್ಪೀಕರ್ ಅಂತೂ ಹೊರಗೇ ಇರಲಿ.

ಈಗ ಜೋಡಣೆ. ಸದ್ದು ಬೆರೆಸುವ ಮಿಕ್ಸರಿನ ಒಂದು ಚಾನೆಲ್‌ಗೆ ಲ್ಯಾಪ್‌ಟಾಪಿನಿಂದ ಸಿನಿಮಾ, ಸ್ಟೀರಿಯೋ ಚಾನೆಲ್‌ಗೆ ಮೊಬೈಲಿನಿಂದ ಸಂಗೀತ. ಸಿನಿಮಾದ ಸದ್ದನ್ನು ಪೂರ್ತಿ ಮುಚ್ಚಬೇಡಿ. ಬಾಗಿಲು ಬಡಿಯುವುದು, ಸೈರನ್, ಕಿರುಚಾಟ ಕೇಳಬೇಕು. ದಪ್ಪ, ತೆಳು ದನಿಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರಿನಲ್ಲಿ ಸಿನಿಮಾದ ಬೇಸ್ ಮತ್ತು ಟ್ರೆಬಲ್ ಎರಡನ್ನೂ ಕತ್ತರಿಸಿ, ಸುಮಾರು 300ರಿಂದ 3500 ಹರ್ಟ್ಸ್ ಉಳಿಸಿ. ಮಾತು ಫೋನಿನಲ್ಲಿ ಬಂದ ಹಾಗೆ ಕೇಳುತ್ತದೆ, ಆದರೆ ಅರ್ಥವಾಗುತ್ತದೆ. ಕೆಳಗಿನ ಬೇಸ್, ಮೇಲಿನ ಮಿಂಚು ಎರಡೂ ಸಂಗೀತದ ಪಾಲು. ಪೆದ್ದು ಸಂಭಾಷಣೆ ಬರುತ್ತಿದೆ ಎಂದಾಗ ಸಂಗೀತದ ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಜಾರುಗುಂಡಿ, ಕೆಳಗೆ. ಯಾವ ಸಂಭಾಷಣೆ ಎಂದು ಗೊತ್ತಿರಬೇಕಾದರೆ ಸಿನಿಮಾವನ್ನು ಮುಂಚೆ ಒಬ್ಬರೇ ನೋಡಿರಬೇಕು, ಅದಕ್ಕೆ ಬೇರೆ ದಾರಿ ಇಲ್ಲ.

ಆ ಕಾಲದ ಟ್ಯೂನ್‌ಗಳು ಹೆಚ್ಚಾಗಿ ಎರಡೂವರೆ, ಮೂರು ನಿಮಿಷದವು. ಒಂದು ಎಲ್‌ಪಿಯಲ್ಲಿ ಸುಮಾರು ಹನ್ನೆರಡು. ಹಾಗಾಗಿ ಗಂಟೆಯ ಸಿನಿಮಾಕ್ಕೆ ಎರಡು ಎಲ್‌ಪಿ ಹತ್ತಿರ ಹತ್ತಿರ ಸಾಕು. ಮೊಬೈಲಿನಲ್ಲಿ ಒಂದು ಹಾಡು ಇನ್ನೊಂದರೊಳಗೆ ಸೇರುವ ಸೆಟ್ಟಿಂಗ್ ಇದ್ದರೆ ತೆಗೆದುಬಿಡಿ. ಟ್ಯೂನ್‌ಗಳ ನಡುವಿನ ಎರಡು ಸೆಕೆಂಡ್ ಖಾಲಿ ಜಾಗ ಬಂಗಾರ. ಅಷ್ಟರಲ್ಲಿ ವಿಜ್ಞಾನಿಯೊಬ್ಬ ಏನಾದರೂ ಘನವಾಗಿ ಹೇಳಿರುತ್ತಾನೆ, ಗೋಡೌನ್ ಪೂರ್ತಿ ನಗುತ್ತದೆ.

ದೃಶ್ಯ ಬದಲಾದಾಗಲೆಲ್ಲ ಟ್ಯೂನ್ ಬದಲಾಯಿಸಬೇಡಿ. ನಿರ್ದೇಶಕ ಎಡ್ ವುಡ್ ಅವರ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ನಲ್ಲಿ ಒಂದೇ ದೃಶ್ಯದೊಳಗೆ ಹಗಲು ರಾತ್ರಿ ಅದಲುಬದಲು ಆಗುತ್ತವೆ. ಅದರ ಹಿಂದೆ ಓಡಿದರೆ ನಿಮ್ಮ ಬೆರಳು ಸೋಲುತ್ತದೆ. ಆ ಸಿನಿಮಾದ ಸ್ಮಶಾನಕ್ಕೆ ಒಂದೇ ನಿಧಾನದ ಪಿಯಾನೋ ಟ್ಯೂನ್ ಹಾಕಿ ಬಿಟ್ಟುಬಿಡಿ. ಸಮಾಧಿ ಕಲ್ಲುಗಳು ತಾವಾಗೇ ಅಲುಗಾಡುತ್ತವೆ.

ನಮ್ಮ ದೇಶದ ಸಿನಿಮಾಗಳಿಗೆ ಇದನ್ನು ಮಾಡಬೇಡಿ. ದಾರಾ ಸಿಂಗ್ ಚಂದ್ರನ ಮೇಲೆ ಹೋಗುವ 1967ರ ‘ಚಾಂದ್ ಪರ್ ಚಢಾಯಿ’ ಇರಲಿ, ರಾಜ್‌ಕುಮಾರ್ ಅವರ 1968ರ ‘ಜೇಡರ ಬಲೆ’ ಇರಲಿ, ಅವುಗಳೊಳಗೇ ಲೌಂಜ್ ಇದೆ. ಉಷಾ ಖನ್ನಾ, ಜಿ.ಕೆ. ವೆಂಕಟೇಶ್ ಅವರ ಸದ್ದು ಇಳಿಸಿ ಮೊಬೈಲ್ ಸಂಗೀತ ಹಾಕುವುದು ಅಧಿಕಪ್ರಸಂಗ.

ತಗಡಿನ ಮಾಡಿನ ಮೇಲೆ ಮಳೆ ಜೋರಾದರೆ ವೈಬ್ರಾಫೋನ್ ಕೇಳುವುದಿಲ್ಲ. ವಾಲ್ಯೂಮ್ ಏರಿಸುತ್ತಾ ಹೋಗಬೇಡಿ, ವಾದ್ಯ ಬದಲಿಸಿ. ತುತ್ತೂರಿ, ಸ್ಯಾಕ್ಸೋಫೋನ್, ಅಕಾರ್ಡಿಯನ್ ಮಳೆಯನ್ನು ಸೀಳಿಕೊಂಡು ಬರುತ್ತವೆ. ಎರಡು ಪಟ್ಟಿ ತಯಾರಿಟ್ಟುಕೊಳ್ಳಿ, ಒಂದು ಹನಿ ಮಳೆಗೆ, ಒಂದು ಜಡಿ ಮಳೆಗೆ. ಹಲಸಿನ ಹಪ್ಪಳವನ್ನು ಶೀರ್ಷಿಕೆಯ ಹೊತ್ತಿಗೇ ಹಂಚಿ ಮುಗಿಸಿ. ಇಪ್ಪತ್ತು ಜನ ಒಟ್ಟಿಗೆ ಕುರುಕಿದರೆ ಜಡಿ ಮಳೆಗಿಂತ ಜಾಸ್ತಿ ಸದ್ದು. ಮುರುಗಲ ಶರಬತ್ತು ಯಾವಾಗ ಬೇಕಾದರೂ ಕೊಡಿ.

ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವಂತಿಲ್ಲ. ಇದು ಮೈಕ್‌ಸೆಟ್‌ನವರಿಗೆ ಬಾಯಿಪಾಠ, ನಿಮಗೂ ಗೊತ್ತಿರಲಿ. ಎಂಟಕ್ಕೆ ಶುರು ಮಾಡಿದರೆ ಗೊರಿಲ್ಲಾ ಒಂಬತ್ತೂಕಾಲಿಗೆ ಮನೆಗೆ ಹೋಗುತ್ತಾನೆ. ಉಳಿದ ಮುಕ್ಕಾಲು ಗಂಟೆ ಆಂಪ್ಲಿಫೈಯರ್ ಬಿಸಿಯಾಗೇ ಇರಲಿ, ಬರೀ ಸಂಗೀತ ಹಾಕಿ. ನಮ್ಮ ಮಾಮ ಒಳಗೆ ಬಂದು ಕುರ್ಚಿ ಎಳೆದುಕೊಳ್ಳುವುದು ಆಗಲೇ.